ಹೊಗೆಸೊಪ್ಪು ತೋರಿಸಿದ ನರದ ದಾರಿ

ಹಾಸನ ಜಿಲ್ಲೆಯಲ್ಲಿ 2025ರ ಮೇ, ಜೂನ್ ತಿಂಗಳಲ್ಲಿ ಗಟ್ಟಿಮುಟ್ಟಾಗಿ ಕಾಣುತ್ತಿದ್ದವರು ಇದ್ದಕ್ಕಿದ್ದಂತೆ ಸತ್ತ ಸುದ್ದಿ ಒಂದರ ಹಿಂದೊಂದು ಬಂದಾಗ, ಜನ ಓಡಿದ್ದು ಇಸಿಜಿ ಯಂತ್ರದ ಕಡೆಗೆ. ಜುಲೈ ಮೊದಲ ವಾರದಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಹೊತ್ತಿಗೇ ಸರದಿ ಬೆಳೆಯುತ್ತಿತ್ತು. ಕೋವಿಡ್ ಲಸಿಕೆಯ ಮೇಲೆ ಅನುಮಾನ ಎದ್ದಿತು, ಕೇಂದ್ರ ಆರೋಗ್ಯ ಇಲಾಖೆ ಅದನ್ನು ಅಲ್ಲಗಳೆಯಿತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿತು. ನಾಲ್ಕಕ್ಕೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಹತ್ತು ಖಚಿತವಾಗಿ ಹೃದಯದ ಕಾಯಿಲೆಯವು, ಇನ್ನು ಹತ್ತು ಇರಬಹುದಾದವು. ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಇಲ್ಲ ಎಂದಿತು ವರದಿ. ಅಲ್ಲಿಗೆ ಗದ್ದಲ ಅಡಗಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇತ್ತು, ಅದರ ಬಗ್ಗೆ ಚರ್ಚೆ ನಡೆದದ್ದು ಕಡಿಮೆ: ಸತ್ತವರಲ್ಲಿ ಶೇ. 30ಕ್ಕೂ ಹೆಚ್ಚು ಮಂದಿ ಆಟೊ, ಕ್ಯಾಬ್ ಓಡಿಸುವವರು. ಒಬ್ಬನ ಕಸುಬು ಅವನ ಹೃದಯವನ್ನು ಯಾವ ದಾರಿಯಲ್ಲಿ ಮುಟ್ಟುತ್ತದೆ? ಈ ಪ್ರಶ್ನೆಗೆ ವಿಜ್ಞಾನ ಉತ್ತರ ಕಂಡುಕೊಂಡ ಬಗೆ ಗೊತ್ತಾದರೆ, ಒಂದು ದಿನದ ಇಸಿಜಿಯಿಂದ ಅಷ್ಟೊಂದನ್ನು ನಿರೀಕ್ಷಿಸಿದ್ದು ಯಾಕೆ ತಪ್ಪಾಗಿತ್ತು ಎಂಬುದೂ ತಿಳಿಯುತ್ತದೆ.

ಆ ದಾರಿ ತೋರಿಸಿದವುಗಳಲ್ಲಿ ಹಾಸನ ಜಿಲ್ಲೆಯದೇ ಆದ ಅರಕಲಗೂಡಿನ ರೈತರಿಗೆ ಚೆನ್ನಾಗಿ ಪರಿಚಯವಿರುವ ಹೊಗೆಸೊಪ್ಪೂ ಒಂದು. ಕುತ್ತಿಗೆಯಲ್ಲಿ ಇಳಿದುಬರುವ ವೇಗಸ್ ನರವನ್ನು ಕೆರಳಿಸಿದರೆ ಹೃದಯದ ಬಡಿತ ನಿಧಾನವಾಗಿ ನಿಂತೇಹೋಗುತ್ತದೆ ಎಂದು ಜರ್ಮನಿಯ ವೆಬರ್ ಸಹೋದರರು 1845ರಲ್ಲೇ ತೋರಿಸಿದ್ದರು. ಕೆಲವೇ ವರ್ಷಗಳ ನಂತರ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲದ ಕುತ್ತಿಗೆಯ ಇನ್ನೊಂದು ನರವನ್ನು ಕತ್ತರಿಸಿದಾಗ ಅದೇ ಬದಿಯ ಕಿವಿ ಬೆಚ್ಚಗಾಯಿತು, ರಕ್ತನಾಳಗಳು ಹಿಗ್ಗಿದವು. ಅಂದರೆ ನಾಳಗಳನ್ನು ಸದಾ ಬಿಗಿಹಿಡಿದಿರುವ ನರಗಳಿವೆ ಎಂದಾಯಿತು. ಆದರೆ ಮೆದುಳುಬಳ್ಳಿಯಿಂದ ಹೊರಟ ಯಾವ ಎಳೆ ಯಾವ ನರಗಂಟಿನಲ್ಲಿ ನಿಂತು ಮುಂದಿನ ಎಳೆಗೆ ಸುದ್ದಿ ದಾಟಿಸುತ್ತದೆ ಎಂಬುದು ಗೋಜಲಾಗಿತ್ತು. 1889ರಲ್ಲಿ ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ, ಡಿಕಿನ್ಸನ್ ಜೊತೆ ಸೇರಿ, ಹೊಗೆಸೊಪ್ಪಿನ ನಿಕೋಟಿನನ್ನು ನರಗಂಟಿನ ಮೇಲೆ ಬಳಿದರು. ಸುದ್ದಿ ಅಲ್ಲಿಗೇ ನಿಂತಿತು. ಹೀಗೆ ಗಂಟಿನಿಂದ ಗಂಟಿಗೆ ಬಳಿಯುತ್ತಾ ಲ್ಯಾಂಗ್ಲಿ ಇಡೀ ಜಾಲದ ನಕ್ಷೆ ಬಿಡಿಸಿದರು. ಮನಸ್ಸಿನ ಅಪ್ಪಣೆ ಕೇಳದೆ ಕೆಲಸ ಮಾಡುವ ಈ ಸ್ವಾಯತ್ತ ನರಮಂಡಲಕ್ಕೆ 1898ರಲ್ಲಿ ಹೆಸರಿಟ್ಟವರೂ ಅವರೇ. ನಿಕೋಟಿನ್ ಹೆಚ್ಚಾದರೆ ಗಂಟು ಜಡವಾಗುತ್ತದೆ, ಕಡಿಮೆ ಇದ್ದರೆ ಕೆರಳುತ್ತದೆ. ಬೀಡಿಯ ಒಂದು ದಮ್ಮಿನಲ್ಲಿ ಸಿಗುವುದು ಕೆರಳಿಸುವಷ್ಟು: ಅಡ್ರಿನಲಿನ್ ಸುರಿಯುತ್ತದೆ, ನಾಡಿ ಏರುತ್ತದೆ, ನಾಳ ಬಿಗಿಯುತ್ತದೆ, ಬಿಪಿ ಮೇಲಕ್ಕೆ ಹೋಗುತ್ತದೆ. ಒದ್ದೆ ಎಲೆ ಮುರಿಯುವವರಿಗೆ ಚರ್ಮದ ಮೂಲಕವೇ ಇದು ಒಳಸೇರಿ ತಲೆಸುತ್ತು, ವಾಂತಿ ಬರುವುದುಂಟು. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ಹೊಗೆಸೊಪ್ಪಿನ ಬೇಲುಗಳ ಹಿಂದೆ, ಸೊಪ್ಪು ಹದಮಾಡುವ ಬ್ಯಾರನ್ ಮುಂದೆ ನಿದ್ದೆಗೆಟ್ಟ ರಾತ್ರಿಗಳಿವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಿಪಿಯನ್ನು ನರಗಳೇ ಎತ್ತಿಹಿಡಿದಿವೆ ಎಂಬುದಕ್ಕೆ ಕ್ರೂರವಾದ ಪುರಾವೆ ಸಿಕ್ಕಿದ್ದು ಶಸ್ತ್ರಚಿಕಿತ್ಸಕರಿಂದ. 1930-40ರ ದಶಕಗಳಲ್ಲಿ ಅಮೆರಿಕದಲ್ಲಿ ವಿಪರೀತ ರಕ್ತದೊತ್ತಡದವರ ಬೆನ್ನು ಸೀಳಿ, ನಾಳಗಳನ್ನು ಬಿಗಿಹಿಡಿಯುವ ಆ ಸಿಂಪಥೆಟಿಕ್ ನರಗಳನ್ನು ಕತ್ತರಿಸಿದರು. ಹಲವರಿಗೆ ಒತ್ತಡ ಇಳಿಯಿತು, ಆದರೆ ಎದ್ದುನಿಂತರೆ ಕಣ್ಣು ಕತ್ತಲಿಟ್ಟು ಬೀಳುವ ಸ್ಥಿತಿ. ಚಾಕು ಬಿಟ್ಟು ಔಷಧಿಯಿಂದಲೇ ಈ ಕೆಲಸ ಮಾಡಿಸಬಹುದೆಂದು ಜಗತ್ತಿಗೆ ತೋರಿಸಿದವರಲ್ಲಿ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ಮುಖ್ಯರು. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧಿಯ ಬೇರು ಬಿಪಿ ಇಳಿಸುತ್ತದೆ ಎಂಬ ಅವರ ಲೇಖನ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬಂತು. 1952ರಲ್ಲಿ ಸ್ವಿಸ್ ಕಂಪನಿ ಸೀಬಾ ಆ ಬೇರಿನಿಂದ ರೆಸರ್ಪಿನ್ ತೆಗೆಯಿತು. ಸಿಂಪಥೆಟಿಕ್ ನರದ ತುದಿಯಲ್ಲಿರುವ ನಾರ್‌ಅಡ್ರಿನಲಿನ್ ದಾಸ್ತಾನನ್ನೇ ಅದು ಬರಿದು ಮಾಡುತ್ತದೆ. ಮೆದುಳಿನಲ್ಲೂ ಅದೇ ಕೆಲಸ ಮಾಡುವುದರಿಂದ ಮಂಪರು, ಖಿನ್ನತೆಯ ದೂರು ಹೆಚ್ಚಿ, ಹೊಸ ಮಾತ್ರೆಗಳು ಬಂದಮೇಲೆ ಮೂಲೆ ಸೇರಿತು.

ಹಾಗಾದರೆ ಎಲ್ಲವೂ ಟೆನ್ಷನ್‌ನಿಂದಲೇ ಎಂದುಬಿಡಬಹುದೇ? ಹಾಗೆ ಹೇಳುವುದು ಸುಲಭ, ಅಷ್ಟೇ ಅಪಾಯ. 1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಭೂಮಿ ನಡುಗಿತು. ಹೃದಯದ ನಾಳ ಕಟ್ಟಿಕೊಂಡವರ ಹಠಾತ್ ಸಾವು ಅದಕ್ಕೆ ಮುಂಚಿನ ವಾರ ದಿನಕ್ಕೆ ಸರಾಸರಿ 4.6 ಇದ್ದದ್ದು ಆ ಒಂದು ದಿನ 24ಕ್ಕೆ ಏರಿತು. ಮುಂದಿನ ಆರು ದಿನಗಳಲ್ಲಿ ಅದು ಮಾಮೂಲಿಗಿಂತ ಕೆಳಗಿಳಿಯಿತು. ಭಯ ಲಕ್ಷಾಂತರ ಜನರಿಗೆ ಆಗಿತ್ತು. ಸತ್ತವರು ಮೊದಲೇ ನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದ್ದವರು, ಇಂದಲ್ಲ ನಾಳೆ ಅದಕ್ಕೆ ಬಲಿಯಾಗಬಹುದಾಗಿದ್ದವರು. ನರದ ಉಬ್ಬರ ಸಾವಿನ ಗಳಿಗೆಯನ್ನು ನಿರ್ಧರಿಸಬಹುದು, ಆದರೆ ಆ ಸಾವಿಗೆ ವರ್ಷಗಟ್ಟಲೆ ಅಣಿಮಾಡಿದ್ದು ಬಿಪಿ, ಸಕ್ಕರೆ ಕಾಯಿಲೆ, ಹೊಗೆ. ಹಾಸನದ ಸಮಿತಿಯೂ ಇವನ್ನೇ ಎತ್ತಿ ಹೇಳಿತು.

ತಜ್ಞರ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನರಗಳು ಗಳಿಗೆ ಗಳಿಗೆಯ ಏರಿಳಿತವನ್ನಷ್ಟೇ ನೋಡಿಕೊಳ್ಳುತ್ತವೆ, ದೀರ್ಘಕಾಲದ ಬಿಪಿ ತೀರ್ಮಾನಿಸುವುದು ಉಪ್ಪುನೀರು ಹೊರಹಾಕುವ ಮೂತ್ರಪಿಂಡ ಎಂದು ಆರ್ಥರ್ ಗೈಟನ್ ವಾದಿಸಿದರು. ವಾದದಲ್ಲಿ ತಿರುಳಿದೆ. ಆದರೆ ಮೂತ್ರಪಿಂಡಕ್ಕೂ ಸಿಂಪಥೆಟಿಕ್ ನರ ಹೋಗುತ್ತದೆ, ಉಪ್ಪನ್ನು ಒಳಗೇ ಉಳಿಸಿಕೋ ಎಂದು ಹೇಳುತ್ತದೆ. ಆ ನರವನ್ನು ಕೆಥಟರ್‌ನಿಂದ ಸುಡುವ ಚಿಕಿತ್ಸೆ 2014ರ ದೊಡ್ಡ ಪರೀಕ್ಷೆಯಲ್ಲಿ ಸೋತಿತು. ಮುಂದಿನ ಪರೀಕ್ಷೆಗಳಲ್ಲಿ ಬಿಪಿ ಅಷ್ಟಿಷ್ಟು ಇಳಿದು, 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಂದರೆ ನರ ಪೂರ್ತಿ ಯಜಮಾನನೂ ಅಲ್ಲ, ಬರೀ ಜವಾನನೂ ಅಲ್ಲ. ನಿಧಾನ ಉಸಿರಾಟ, ಪ್ರಾಣಾಯಾಮಕ್ಕೂ ಇದೇ ಅಳತೆ ಹಿಡಿಯಬೇಕು: ವೇಗಸ್ ಕಡೆಗೆ ತಕ್ಕಡಿ ಕೊಂಚ ವಾಲಬಹುದು, ಅದನ್ನು ನಂಬಿ ಮಾತ್ರೆ ಬಿಡುವುದು ಮೂರ್ಖತನ.

ಈಗ ಜಯದೇವದ ಮುಂದಿನ ಆ ಸರದಿಗೆ ಮರಳಿದರೆ ಅದರ ವಿಪರ್ಯಾಸ ಕಾಣುತ್ತದೆ. 1983ರಲ್ಲಿ ಇಟಲಿಯ ಮಾನ್ಚಿಯ ಮತ್ತು ಸಂಗಡಿಗರು ರೋಗಿಗಳ ನಾಳದೊಳಗೇ ಮಾಪಕ ಇಟ್ಟು ನೋಡಿದರು. ವೈದ್ಯರು ಮಂಚದ ಬಳಿ ಬಂದ ಕೆಲವೇ ನಿಮಿಷಗಳಲ್ಲಿ ಮೇಲಿನ ಬಿಪಿ ಸರಾಸರಿ 27ರಷ್ಟು ಏರಿತು. ನಸುಕಿನಿಂದ ಕಾದು, ಸಾವಿನ ಸುದ್ದಿಗಳನ್ನು ಮೊಬೈಲಿನಲ್ಲಿ ನೋಡುತ್ತಾ ನಿಂತವರ ತೋಳಿಗೆ ಪಟ್ಟಿ ಸುತ್ತಿದರೆ ಬರುವ ಅಂಕಿಯಲ್ಲಿ ಕಾಯಿಲೆ ಎಷ್ಟು, ಗಾಬರಿ ಎಷ್ಟು? ಇತ್ತ ಇಸಿಜಿ ಸರಿಯಿದ್ದು ಮನೆಗೆ ಹೋದವರಿಗೆ ಬಿಪಿ ಇಲ್ಲವೆಂದೇನೂ ಅಲ್ಲ. ಸಾಮಾನ್ಯವಾಗಿ ನಿದ್ದೆಯಲ್ಲಿ ಬಿಪಿ ಶೇ. 10ರಿಂದ 20ರಷ್ಟು ಇಳಿಯಬೇಕು. ರಾತ್ರಿಯೆಲ್ಲ ಸ್ಟಿಯರಿಂಗ್ ಹಿಡಿದವನಿಗೆ ಆ ಇಳಿತ ಸರಿಯಾಗಿ ಸಿಗದೆ ಹೋಗಬಹುದು. ಇದನ್ನು ಹಿಡಿಯಲು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಅಳೆಯಬೇಕು, ಅನುಮಾನವಿದ್ದರೆ 24 ಗಂಟೆಯ ಮಾಪಕ ಕಟ್ಟಬೇಕು. ಮನೆಬಾಗಿಲಲ್ಲೇ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಬೇರೆ ಜಿಲ್ಲೆಗಳಿಗೂ ಹಬ್ಬಿದೆ. ಒಳ್ಳೆಯದೇ. ಆದರೆ ತಪಾಸಣೆಯವರು ಮನೆಗೆ ಬರುವ ಹಗಲು ಹೊತ್ತಿನಲ್ಲಿ ಮೊಸಳೆ ಗ್ರಾಮದ ಆಟೊ ಚಾಲಕ ಹಾಸನದ ರಸ್ತೆಯಲ್ಲಿರುತ್ತಾನೆ. ಅವನ ಮಟ್ಟಿಗೆ ಬಿಪಿ ಯಂತ್ರ ಇರಬೇಕಾದದ್ದು ಮನೆಬಾಗಿಲಲ್ಲಲ್ಲ, ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಬಸ್ ನಿಲ್ದಾಣದ ಪಕ್ಕದ ಆಟೊ ಸ್ಟ್ಯಾಂಡಿನಲ್ಲಿ. ಅದೂ ಅವನು ಚಹಾ ಕುಡಿಯಲು ನಿಲ್ಲುವ ಬೆಳಗಿನ ಆರು ಗಂಟೆಗೆ, ಚಹಾಕ್ಕೂ ಬೀಡಿಗೂ ಮುಂಚೆ.