ಎಲೆಮರೆಯ ಕಾಯಿ: ತಲೂಲಾ ಗಾಷ್

ತಲೂಲಾ ಗಾಷ್ ಎಂಬ ಹೆಸರನ್ನು ನಮ್ಮ ಸದಸ್ಯ ಕುಟುಂಬಗಳಲ್ಲಿ ನಾಲ್ಕು ಮಂದಿ ಕೇಳಿದ್ದರೆ ಹೆಚ್ಚು. ಅದು ಒಬ್ಬ ಹೆಂಗಸಿನ ಹೆಸರಲ್ಲ. 1986ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿ 1988ರಲ್ಲಿ ಮುಗಿದುಹೋದ ಒಂದು ಪಾಪ್ ತಂಡದ್ದು. ಬದುಕಿದ್ದು ಎರಡು ವರ್ಷ. ಅಷ್ಟರಲ್ಲಿ ದೊರೆತ ಹೊಗಳಿಕೆಗಿಂತ ಗೇಲಿಯೇ ಹೆಚ್ಚು. 2013ರಲ್ಲಿ ಡ್ಯಾಮೇಜ್ಡ್ ಗೂಡ್ಸ್ ಎಂಬ ಸಂಸ್ಥೆ ಅವರ ಹಾಡುಗಳನ್ನು ಒಟ್ಟುಗೂಡಿಸಿ 'ವಾಸ್ ಇಟ್ ಜಸ್ಟ್ ಎ ಡ್ರೀಮ್?' ಎಂಬ ಸಂಗ್ರಹ ತಂದಿತು. ಅದನ್ನು ಕೂತು ಕೇಳಿದ ಮೇಲೆ ನಾಲ್ಕು ಮಾತು ಬರೆಯಲೇಬೇಕೆನಿಸಿತು.

ತಂಡ ಕೂಡಿದ ಬಗೆಯೇ ಸೊಗಸು. ಅಮೇಲಿಯಾ ಫ್ಲೆಚರ್ ಮತ್ತು ಎಲಿಜಬೆತ್ ಪ್ರೈಸ್ ಎಂಬ ಇಬ್ಬರು ವಿದ್ಯಾರ್ಥಿನಿಯರು ಎದುರುಬದುರಾದಾಗ ಇಬ್ಬರ ಉಡುಪಿನ ಮೇಲೂ ಸ್ಕಾಟ್ಲೆಂಡಿನ ಪ್ಯಾಸ್ಟಲ್ಸ್ ತಂಡದ ಬಿಲ್ಲೆ ಇತ್ತಂತೆ. ಪರದೇಶದ ಬಸ್ಸಿನಲ್ಲಿ ಪಕ್ಕದವರ ಕೈಯಲ್ಲಿ ಕನ್ನಡ ಪತ್ರಿಕೆ ಕಂಡರೆ ನಮಗೆ ಏನಾಗುತ್ತದೆಯೋ ಅದೇ ಅವರಿಗೂ ಆಗಿರಬೇಕು. ಅಮೇಲಿಯಾಳ ತಮ್ಮ ಮ್ಯಾಥ್ಯೂ ಡ್ರಮ್ಸಿಗೆ ಕೂತ. ಪೀಟರ್ ಮಾಮ್‌ಚಿಲಾಫ್ ಗಿಟಾರ್ ಹಿಡಿದ. ಸ್ವಲ್ಪದರಲ್ಲೇ ಕ್ರಿಸ್ ಸ್ಕಾಟ್ ಬೇಸ್ ಗಿಟಾರಿಗೆ ಬಂದ. ನುರಿತ ವಾದಕರಾದ ಮೇಲೆ ವೇದಿಕೆ ಹತ್ತೋಣ ಎಂದು ಇವರು ಕಾಯಲಿಲ್ಲ. ಹತ್ತಿದರು, ಹತ್ತಿದ ಮೇಲೆ ಕಲಿತರು.

ಆಗ 'ಇಂಡಿ' ಎಂದರೆ ದೊಡ್ಡ ಕಂಪೆನಿಗಳ ಹಂಗಿಲ್ಲದೆ, ಅಡುಗೆಮನೆಯ ಮೇಜಿನ ಮೇಲೆ ರೆಕಾರ್ಡಿನ ಹೊದಿಕೆ ಮಡಿಸಿ ತಾವೇ ಅಂಚೆಗೆ ಹಾಕುವ ದಾರಿ. ಅಭಿಮಾನಿಗಳು ಟೈಪು ಮಾಡಿ, ಅಂಟಿಸಿ, ನಕಲು ತೆಗೆದು ಹಂಚುತ್ತಿದ್ದ ಪುಟ್ಟ ಪತ್ರಿಕೆಗಳೇ ಅದರ ಬೆನ್ನೆಲುಬು. 1986ರಲ್ಲಿ ಅಂಥ ಪತ್ರಿಕೆಗಳ ಜೊತೆಗೆ ಕೊಟ್ಟ ತೆಳು ಪ್ಲಾಸ್ಟಿಕ್ಕಿನ ರೆಕಾರ್ಡೊಂದರಲ್ಲಿ ತಲೂಲಾ ಗಾಷ್ ಹಾಡೂ ಇತ್ತು. ಈ ತ್ರೈಮಾಸಿಕದ ಪುಟ ಜೋಡಿಸಲು ಬಂದು ಬೆರಳಿಗೆ ಮಸಿ ಮೆತ್ತಿಕೊಳ್ಳುವ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ವರ್ಷ 'ಎನ್‌ಎಂಇ' ವಾರಪತ್ರಿಕೆ ಹೊಸ ತಂಡಗಳ 22 ಹಾಡುಗಳ 'ಸಿ86' ಎಂಬ ಕ್ಯಾಸೆಟ್ ಹೊರತಂದಿತು. ಆ ಬಗೆಯ ಸಂಗೀತಕ್ಕೇ ಮುಂದೆ ಅದರ ಹೆಸರು ಅಂಟಿತು. ತಮಾಷೆಯೆಂದರೆ, ಆ ಬಗೆ ಎಂದೊಡನೆ ಇಂದು ನೆನಪಾಗುವ ತಲೂಲಾ ಗಾಷ್ ಅದರಲ್ಲಿ ಇಲ್ಲವೇ ಇಲ್ಲ!

ಹಾಡುಗಳು ಹೇಗಿವೆ? ಚಿಕ್ಕವು, ಓಡೋಡಿ ಬರುವಂಥವು. ಅರವತ್ತರ ದಶಕದ ಅಮೆರಿಕದ ಹುಡುಗಿಯರ ತಂಡಗಳ ಮಟ್ಟು ಮೇಲೆ. ಪಂಕ್ ಸಂಗೀತದ ದಡಬಡ ಕೆಳಗೆ. ಎರಡು ಹೆಣ್ಣು ದನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಶ್ರುತಿ ಅಲ್ಲಲ್ಲಿ ಜಾರುತ್ತದೆ, ನಿಜ. ನಮ್ಮ ಸಂಗೀತದ ಮೇಷ್ಟರು ಕೇಳಿದರೆ ಎದ್ದು ಹೋದಾರು. ಆದರೆ ಅಂದಿನ ವಿಮರ್ಶಕರು ಕೆಣಕಿದ್ದು ಶ್ರುತಿಗಿಂತ ಹೆಚ್ಚಾಗಿ ಅವರ ಹುಡುಗಿತನವನ್ನು. 'ಟ್ವೀ' ಎಂದರು. ಎಳೆಮಕ್ಕಳು 'ಸ್ವೀಟ್' ಎನ್ನಲು ಹೋಗಿ ತೊದಲುವ ಮಾತದು. ಚರ್ಮದ ಅಂಗಿ ತೊಟ್ಟು ಕಿರುಚುವ ಗಂಡಸರು ಗಂಭೀರ ಕಲಾವಿದರು, ನವಿರಾದ ಮಾತಿನಲ್ಲಿ ಮನಸ್ಸು ಹೇಳುವ ಹುಡುಗಿಯರು ಹಾಲುಗಲ್ಲದವರು! ಈ ತಕ್ಕಡಿ ಯಾರದ್ದು ಎಂದು ಆಗ ಹೆಚ್ಚು ಮಂದಿ ಕೇಳಲಿಲ್ಲ.

ಆ ಹಾಲುಗಲ್ಲದವರು ಮುಂದೆ ಏನಾದರು? 1987ರಲ್ಲಿ ತಂಡ ಬಿಟ್ಟ ಎಲಿಜಬೆತ್ ಪ್ರೈಸ್ ಚಿತ್ರಕಲೆಯತ್ತ ಹೋಗಿ 2012ರಲ್ಲಿ ಟರ್ನರ್ ಪ್ರಶಸ್ತಿ ಪಡೆದರು. ಅದನ್ನು ತಂದುಕೊಟ್ಟ ಕೃತಿ 'ದಿ ವುಲ್‌ವರ್ತ್ಸ್ ಕ್ವಾಯರ್ ಆಫ್ 1979'. 1979ರಲ್ಲಿ ಮ್ಯಾಂಚೆಸ್ಟರಿನ ಅಂಗಡಿಯೊಂದರಲ್ಲಿ ಹತ್ತು ಜನರನ್ನು ಬಲಿತೆಗೆದುಕೊಂಡ ಬೆಂಕಿಯ ಚಿತ್ರಗಳನ್ನೂ, ಚರ್ಚಿನ ವಾಸ್ತುವನ್ನೂ, ಹಾಡುವ ಹುಡುಗಿಯರ ಕೈಸನ್ನೆಗಳನ್ನೂ ಹೆಣೆದ 20 ನಿಮಿಷದ ವಿಡಿಯೊ. ಅಮೇಲಿಯಾ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ವ್ಯಾಪಾರದ ನ್ಯಾಯಸ್ಪರ್ಧೆ ನೋಡಿಕೊಳ್ಳುತ್ತಿದ್ದ ಸರಕಾರಿ ಕಚೇರಿಯಲ್ಲಿ 2013ರವರೆಗೆ ಮುಖ್ಯ ಅರ್ಥಶಾಸ್ತ್ರಜ್ಞೆಯಾಗಿದ್ದು, ಬಳಿಕ ಪ್ರಾಧ್ಯಾಪಕಿಯಾದರು. ಪೀಟರ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ತತ್ವಶಾಸ್ತ್ರ ಗ್ರಂಥಗಳ ಸಂಪಾದಕರಾದರು.

ಇದನ್ನು ಓದಿ ನಮ್ಮ ತಂದೆತಾಯಿಯರಿಗೆ ಸಮಾಧಾನವಾದೀತು: "ಸದ್ಯ, ಗಿಟಾರ್ ಹಿಡಿದರೂ ಓದು ಕೆಡಲಿಲ್ಲ!" ತಪ್ಪಲ್ಲ. ಆದರೂ ಈ ಪದವಿಗಳನ್ನು ಹಾಡುಗಳಿಗೆ ಸರ್ಟಿಫಿಕೇಟಿನಂತೆ ಲಗತ್ತಿಸಬಾರದು ಎಂಬುದು ನಮ್ಮ ಅಭಿಪ್ರಾಯ. ಅಮೇಲಿಯಾ ಎಲ್ಲಿಯೋ ಗುಮಾಸ್ತೆಯಾಗಿ ಉಳಿದಿದ್ದರೂ 'ಬೀಟ್ನಿಕ್ ಬಾಯ್' ಇಷ್ಟೇ ಚೆನ್ನಾಗಿರುತ್ತಿತ್ತು.

ತಂಡ ಒಡೆದ ಮೇಲೆ ಅಕ್ಕ, ತಮ್ಮ, ಪೀಟರ್ ಸೇರಿ 'ಹೆವನ್ಲಿ' ಕಟ್ಟಿದರು. ಬ್ರಿಸ್ಟಲ್ಲಿನ ಸಾರಾ ರೆಕಾರ್ಡ್ಸ್ ಅವರ ಹಾಡುಗಳನ್ನು ಹೊರತಂದಿತು. ಹಾಡುಗಾರಿಕೆ ಪಳಗಿತು, ಮಾತು ಹರಿತವಾಯಿತು. 1996ರಲ್ಲಿ ನಾಲ್ಕನೆಯ ಆಲ್ಬಮ್ ಹೊರಬರುವ ಮುನ್ನ ಮ್ಯಾಥ್ಯೂ ತೀರಿಕೊಂಡ, ತಾನೇ ಕೈಯಾರೆ. ಉಳಿದವರು ಆ ಹೆಸರನ್ನು ಅಲ್ಲಿಗೇ ನಿಲ್ಲಿಸಿದರು. ಮತ್ತೆ ಹೆವನ್ಲಿಯಾಗಿ ಲಂಡನ್ನಿನ ವೇದಿಕೆ ಹತ್ತಿದ್ದು 2023ರಲ್ಲಿ. ಸಂಗ್ರಹದ ಹಾಡುಗಳಲ್ಲಿ ಡ್ರಮ್ಸು ಒಂದು ಕ್ಷಣ ಮುಂದಕ್ಕೆ ಓಡಿದಾಗಲೆಲ್ಲ ನಮಗೆ ಆ ತಮ್ಮನದೇ ನೆನಪು.

ಕೇಳುವವರು 'ಸ್ಟೀಮಿಂಗ್ ಟ್ರೇನ್'ನಿಂದ ಆರಂಭಿಸಿ, ದನಿ ಸ್ವಲ್ಪ ಜೋರಾಗಿಟ್ಟುಕೊಳ್ಳಿ. ಬೇಕಾದವರಿಗೆ ಯುಗಾದಿ ಸಭೆಗೆ ರೆಕಾರ್ಡು ತಂದಿರುತ್ತೇವೆ. ಎರವಲು ಎರಡು ವಾರಕ್ಕೆ ಮಾತ್ರ. ಹೊದಿಕೆಯ ಮೇಲೆ ಕಾಫಿ ಲೋಟ ಇಡಬಾರದಾಗಿ ವಿನಂತಿ.