ಛಾವಣಿ ಬಿಚ್ಚಿದ ಹೀರೋ, ಮಳೆ ಬಂದ್ರೆ?

ಬರ್ಟ್ ರೆನಾಲ್ಡ್ಸ್ ಓಡಿಸಿದ ಕರಿ ಪಾಂಟಿಯಾಕ್ ಟ್ರಾನ್ಸ್ ಆಮ್ ನೆನಪಿದೆಯಾ, ಮಿತ್ರರೇ? 1977ರ ‘ಸ್ಮೋಕಿ ಅಂಡ್ ದ ಬ್ಯಾಂಡಿಟ್’ ನೋಡಿ ನಾನೂ ಶಿಳ್ಳೆ ಹೊಡೆದವನೇ! ಪಿಯುಸಿಗೆ ಕೈಮುಗಿದು ಬಂದವನಿಗೆ ಆ ಕಾರೇ ಕನಸು. ತಲೆ ಮೇಲೆ ಎರಡು ಗಾಜಿನ ಮುಚ್ಚಳ, ನಡುವೆ ಒಂದು ಪಟ್ಟಿ. ಅದಕ್ಕೇ ‘ಟಿ-ಟಾಪ್’ ಅನ್ನೋ ಹೆಸರು. ಬಿಚ್ಚಿಟ್ಟರೆ ಗಾಳಿಯೋ ಗಾಳಿ!

ಆದರೆ ಮಳೆ ಬಂದಾಗ ಹೀರೋ ಮಾನ ಉಳಿಸೋದು ರಬ್ಬರು. ಹಳೇ ಅಂಟು ಪೂರಾ ಕೆರೆದು, ಹೊಸ ರಬ್ಬರನ್ನು ಎಳೆಯದೆ ಕೂರಿಸಬೇಕು. ಎಳೆದು ಅಂಟಿಸಿದರೆ ಆಮೇಲೆ ಕುಗ್ಗುತ್ತೆ, ಮೂಲೇಲಿ ಸಂದು ಬಿಡುತ್ತೆ, ಸೀಟು ತೊಪ್ಪೆ! ರಬ್ಬರಿಗೂ ಗಾಜಿಗೂ ನಡುವೆ ಕಾಗದದ ಚೂರು ಸಿಕ್ಕಿಸಿ, ಮುಚ್ಚಿ, ಎಳೆದು ನೋಡಬೇಕು. ಸಲೀಸಾಗಿ ಬಂತೋ, ನೀರೂ ಅಲ್ಲೇ ಬರುತ್ತೆ. ಕೊನೆಗೆ ಪೈಪಿನಲ್ಲಿ ನೀರು ಬಿಟ್ಟು ಪರೀಕ್ಷೆ.

ಇನ್ಮೇಲೆ ಆ ಕಾರು ತೆರೆಗೆ ಬಂದಾಗ, ಮುಖ ಕಾಣದ ಮೆಕ್ಯಾನಿಕ್ಕಿಗೂ ಒಂದು ಶಿಳ್ಳೆ ಇರಲಿ!