ಬದು ಒತ್ತಿದರೆ ದಂಡ

ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಬದು ಒತ್ತಿದ ಜಗಳ ಕೋರ್ಟು ಮೆಟ್ಟಿಲು ಹತ್ತಿ, ಅಪ್ಪ ಹಾಕಿದ ಕೇಸಿಗೆ ಮಗ ಅಲೆಯುವುದನ್ನು ಹತ್ತಿರದಿಂದ ಕಂಡಿದ್ದೇನೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿರುವ ಲ್ಯಾಕ್ಸ್‌ಟನ್ ಎಂಬ ಪುಟ್ಟ ಹಳ್ಳಿಯ ಮೇಲೆ ನನಗೆ ಅಕ್ಕರೆ ಹುಟ್ಟಿದ್ದು ಆ ಕಾರಣಕ್ಕೇ.

ಅಲ್ಲಿ ಪಶ್ಚಿಮದ ಹೊಲ, ದಕ್ಷಿಣದ ಹೊಲ, ಗಿರಣಿ ಹೊಲ ಎಂದು ಮೂರು ದೊಡ್ಡ ಬಯಲುಗಳಿವೆ. ಪ್ರತಿ ಬಯಲಲ್ಲೂ ಹಲವು ರೈತರ ಪಟ್ಟಿಗಳು ಅಕ್ಕಪಕ್ಕದಲ್ಲೇ ಇವೆ, ನಡುವೆ ಬೇಲಿಯಿಲ್ಲ. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬಿತ್ತನೆ, ಮೂರನೆಯದಕ್ಕೆ ವಿಶ್ರಾಂತಿ. ವರ್ಷವರ್ಷವೂ ಸರದಿ ಬದಲಾಗುತ್ತದೆ. ಮಧ್ಯಯುಗದಲ್ಲಿ ಇಂಗ್ಲೆಂಡಿನ ಎಷ್ಟೋ ಊರುಗಳು ಹೀಗೇ ಉಳುತ್ತಿದ್ದವು. ಆಮೇಲೆ ಜಮೀನುಗಳಿಗೆ ಬೇಲಿ ಬಿತ್ತು. ಈ ಪದ್ಧತಿ ತನ್ನ ನ್ಯಾಯಪೀಠದ ಸಮೇತ ಉಳಿದಿರುವುದು ಲ್ಯಾಕ್ಸ್‌ಟನ್‌ನಲ್ಲಿ.

ಬೇಲಿಯಿಲ್ಲದ ಕಡೆ ನೇಗಿಲು ಪಕ್ಕದವನ ಪಾಲಿನೊಳಗೆ ನಾಲ್ಕು ಅಂಗುಲ ಸರಿಯುವುದಕ್ಕೆ ಹೊತ್ತು ಬೇಡ. ಅದನ್ನು ನೋಡಿಕೊಳ್ಳುವುದು ‘ಕೋರ್ಟ್ ಲೀಟ್’ ಎಂಬ ಆ ನ್ಯಾಯಪೀಠ. ನವೆಂಬರ್ ಕೊನೆಯ ಹೊತ್ತಿಗೆ ಜ್ಯೂರಿಯ ಮಂದಿ ಗೋಧಿ ಬಿತ್ತಿದ ಬಯಲಿಗೆ ಇಳಿಯುತ್ತಾರೆ. ಹೊರಗಿನ ಅಧಿಕಾರಿಗಳಲ್ಲ, ಊರಿನ ರೈತರೇ. ಪಟ್ಟಿಯಿಂದ ಪಟ್ಟಿಗೆ ನಡೆದು, ಗಡಿ ಗುರುತಿಸಿ, ಮರದ ಗೂಟ ಬಡಿಯುತ್ತಾರೆ. ಉಳದೆ ಬಿಡಬೇಕಾದ ಹುಲ್ಲಿನ ಅಂಚಿಗೆ ಯಾರಾದರೂ ನೇಗಿಲು ಹಾಕಿದ್ದಾರೆಯೇ, ನೀರು ಹರಿಯುವ ಕಾಲುವೆ ಕಟ್ಟಿಕೊಂಡಿದೆಯೇ ಎಂದು ನೋಡುತ್ತಾರೆ. ಆ ಬಳಿಕ ಡವ್‌ಕೋಟ್ ಇನ್ ಎಂಬ ಊರ ಪಬ್ಬಿನಲ್ಲಿ ಊಟ. ವಾರ ಕಳೆದು ಅದೇ ಪಬ್ಬಿನಲ್ಲಿ ಕೋರ್ಟು ಸೇರುತ್ತದೆ. ತಪ್ಪಿಗೆ ದಂಡ ಬೀಳುತ್ತದೆ, ಮುಂದಿನ ಜ್ಯೂರಿ ಪ್ರಮಾಣ ಮಾಡುತ್ತದೆ. ದಂಡದ ಮೊತ್ತ ಸಣ್ಣದು. ಆದರೆ ನೆರೆಯವರೆದುರೇ ತೀರ್ಪಾಗುವುದರಿಂದ ಅದರ ಬಿಸಿ ದೊಡ್ಡದು ಎಂಬುದು ನನ್ನ ಎಣಿಕೆ. ಈ ಸಲ ದಂಡ ತೆತ್ತವನು ಮತ್ತೊಂದು ಸಲ ಜ್ಯೂರಿಯಲ್ಲಿ ಕೂರಲೂಬಹುದು.

ನನ್ನ ಕಸುಬಿನ ಕಣ್ಣು ನಿಲ್ಲುವುದು 1635ರ ನಕ್ಷೆಯ ಮೇಲೆ. ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಪ್ರತಿ ಪಟ್ಟಿಯನ್ನೂ ಬಿಡದೆ ಬರೆದಿದ್ದಾನೆ. ಉಳುವವರು, ಕೊಯ್ಯುವವರ ಚಿತ್ರಗಳೂ ಅದರಲ್ಲಿವೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ ಅದನ್ನು ಕಾಪಾಡಿಕೊಂಡು ಬಂದಿದೆ. ಸರಪಳಿ ಹಿಡಿದು ಹೊಲ ಅಳೆದವರಿಗೆ ಅದರ ಹಿಂದಿನ ಶ್ರಮ ಗೊತ್ತು.

ಇದಿಷ್ಟು ಹೊಲದ ಮಾತು. ಉಳಿದ ಆಡಳಿತ ಇಂಗ್ಲೆಂಡಿನ ಇತರ ಹಳ್ಳಿಗಳಂತೆಯೇ. 1894ರ ಕಾಯಿದೆಯಿಂದ ಹುಟ್ಟಿದ ಪ್ಯಾರಿಷ್ ಕೌನ್ಸಿಲ್ ಪಕ್ಕದ ಮೂರ್‌ಹೌಸಿಗೂ ಸೇರಿ ಒಂದೇ ಇದೆ. ಕಸ, ಮನೆ ಕಟ್ಟುವ ಪರವಾನಗಿ ಡಿಸ್ಟ್ರಿಕ್ಟ್ ಕೌನ್ಸಿಲ್ಲಿನದು. ರಸ್ತೆ, ಶಾಲೆ ಕೌಂಟಿ ಕೌನ್ಸಿಲ್ಲಿನದು.

ಥೋರ್ಸ್‌ಬಿ ಎಸ್ಟೇಟಿನ ಒಡೆಯ ಅರ್ಲ್ ಮ್ಯಾನ್ವರ್ಸ್ ಕೈಯಲ್ಲಿದ್ದ ಈ ಹೊಲಗಳ ಭೂಮಿಯನ್ನು 1952ರಲ್ಲಿ ಸರ್ಕಾರ ಕೊಂಡಿತು. 1981ರಲ್ಲಿ ಅದು ರಾಜಗದ್ದುಗೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು. ಕ್ರೌನ್ ಎಸ್ಟೇಟ್ ಅದನ್ನು ಮಾರಲು ಹೊರಟಾಗ, ಇನ್ನು ಬೇಲಿ ಬೀಳುವುದೇ ಸೈ ಎಂದು ನಾನು ಕಳವಳಪಟ್ಟಿದ್ದೆ. 2020ರಲ್ಲಿ ಕೊಂಡವರು ಅದೇ ಹಳೆಯ ಥೋರ್ಸ್‌ಬಿ ಎಸ್ಟೇಟಿನವರು. ಕೋರ್ಟ್ ಲೀಟ್ ನಡೆಯುತ್ತಿದೆ.